ಇ85 ಕಿಟ್ ಮತ್ತು ಮುಕ್ಕಾಲು ಲೆಕ್ಕ

ಗಣೇಶನ ಹಬ್ಬದ ಮಂಟಪವನ್ನು ಬಿಚ್ಚಿ ಟ್ರಕ್ಕಿಗೆ ತುಂಬುತ್ತಿದ್ದೆವು. ನಮ್ಮ ಕನ್ನಡ ಕೂಟದಲ್ಲಿ ಪಿಕಪ್ ಟ್ರಕ್ ಇರುವವರು ಇಬ್ಬರೇ. ಹಾಗಾಗಿ ಮಂಟಪ, ಮೈಕು, ಊಟದ ಪಾತ್ರೆ ಎಲ್ಲವೂ ನಮ್ಮಿಬ್ಬರ ಪಾಲಿಗೇ. ಥರ್ಮಾಕೋಲಿನ ಕಂಬವನ್ನು ಹಗ್ಗದಿಂದ ಬಿಗಿಯುತ್ತಾ ಆ ಇನ್ನೊಬ್ಬರು ಕೇಳಿದರು: "ಸಾರ್, ನಿಮ್ಮ ಹಳೇ ಟ್ರಕ್ಕಿಗೆ ಎಥನಾಲ್ ಕಿಟ್ ಹಾಕಿಸಿದ್ರಲ್ಲ, ಕೊನೆಗೆ ಎಷ್ಟು ಉಳೀತು? ನಾನೂ ಒಂದು ಆರ್ಡರ್ ಮಾಡೋಣ ಅಂತಿದ್ದೀನಿ. ಇಲ್ಲಿ ಗ್ಯಾಲನ್‌ಗೆ ಎಪ್ಪತ್ತು ಸೆಂಟ್ ಕಡಿಮೆ ಇದೆ."

ಅಲ್ಲೇ ಉತ್ತರ ಹೇಳಿದೆ. ಆದರೆ ಅವರಿಗೆ ಹೇಳಿದ್ದನ್ನು ಇಲ್ಲೂ ಬರೆಯಬೇಕು ಅನ್ನಿಸಿತು. ಏಕೆಂದರೆ 2022ರಲ್ಲಿ ಈ ಕಿಟ್ ಕೊಂಡಾಗ ನಾನು ಮಾಡಿದ ತಪ್ಪು ಎಂಜಿನ್ನಿಗೆ ಸಂಬಂಧಿಸಿದ್ದಲ್ಲ, ಲೆಕ್ಕಕ್ಕೆ ಸಂಬಂಧಿಸಿದ್ದು. ವಾರಕ್ಕೊಮ್ಮೆ ಪೋರ್ಟ್‌ಫೋಲಿಯೋ ಬಗ್ಗೆ ಉಪದೇಶ ಮಾಡುವವನೇ ಮಾಡಿದ ತಪ್ಪು.

ನೇರವಾಗಿ ಹೇಳಿಬಿಡುತ್ತೇನೆ. ಗ್ಯಾಸ್‌ನಲ್ಲಿ ಓಡುವ ಟ್ರಕ್ಕನ್ನು ದುಡ್ಡು ಉಳಿಸುವುದಕ್ಕಾಗಿ ಇ85ಗೆ ಪರಿವರ್ತಿಸುವುದು, ನಮ್ಮಂಥ ಹೆಚ್ಚಿನವರಿಗೆ, ನಷ್ಟದ ಬಾಬ್ತು. ಇ85 ಕೆಟ್ಟದ್ದು ಎಂದಲ್ಲ. ನೀವು ಕೊಳ್ಳುತ್ತಿರುವುದು ಇಂಧನವಲ್ಲ, ಒಂದು ಆಪ್ಷನ್. ಅದಕ್ಕೆ ತೆರುವ ಪ್ರೀಮಿಯಂ ಅದರ ಬೆಲೆಗಿಂತ ಜಾಸ್ತಿ.

ನಾನಿರುವುದು ಅಯೋವಾದಲ್ಲಿ. ಅಮೆರಿಕದಲ್ಲಿ ಅತಿ ಹೆಚ್ಚು ಮೆಕ್ಕೆಜೋಳ ಬೆಳೆಯುವ, ಅತಿ ಹೆಚ್ಚು ಎಥನಾಲ್ ತಯಾರಿಸುವ ರಾಜ್ಯ ಇದು. ದೇಶದಲ್ಲಿ ಇ85 ಸಿಗುವ ಸ್ಟೇಷನ್‌ಗಳು 4,000ಕ್ಕೂ ಹೆಚ್ಚಿವೆ, ಅವುಗಳಲ್ಲಿ ಬಹುಪಾಲು ಈ ಮಿಡ್‌ವೆಸ್ಟ್ ರಾಜ್ಯಗಳಲ್ಲೇ. ಅಂದರೆ ಈ ಲೆಕ್ಕ ಎಲ್ಲಾದರೂ ಗಿಟ್ಟಬೇಕು ಎಂದರೆ ಇಲ್ಲೇ ಗಿಟ್ಟಬೇಕು. ನ್ಯೂಜೆರ್ಸಿಯವರೂ ಸಿಯಾಟಲ್‌ನವರೂ ಮುಂದಿನದ್ದನ್ನು ಬರೀ ಕುತೂಹಲಕ್ಕೆ ಓದಿದರೆ ಸಾಕು.

2022ರ ಜೂನ್‌ನಲ್ಲಿ ಗ್ಯಾಸ್‌ನ ರಾಷ್ಟ್ರೀಯ ಸರಾಸರಿ ಮೊದಲ ಬಾರಿಗೆ 5 ಡಾಲರ್ ದಾಟಿತ್ತು, ನೆನಪಿರಬಹುದು. ನಾನು ಕಿಟ್ ಆರ್ಡರ್ ಮಾಡಿದ ದಿನ ನಮ್ಮ ಮನೆ ಹತ್ತಿರದ ಬೋರ್ಡಿನಲ್ಲಿ ಗ್ಯಾಸ್ 4.69, ಇ85 3.39. ವ್ಯತ್ಯಾಸ 1.30. ನನ್ನ ಟ್ರಕ್ ಹಾಫ್ ಟನ್ನಿನದು, ವಿ8 ಎಂಜಿನ್, ಗ್ಯಾಲನ್‌ಗೆ 16 ಮೈಲಿ. ವರ್ಷಕ್ಕೆ 12,000 ಮೈಲಿ ಎಂದರೆ 750 ಗ್ಯಾಲನ್. 750ನ್ನು 1.30ರಿಂದ ಗುಣಿಸಿದೆ, 975 ಡಾಲರ್. ಕಿಟ್‌ಗೆ 480, ಹಾಕಿಸುವುದಕ್ಕೆ 210, ಒಟ್ಟು 690. ಒಂಬತ್ತು ತಿಂಗಳಲ್ಲಿ ಅಸಲು ವಾಪಸ್! ಇಂಡೆಕ್ಸ್ ಫಂಡ್‌ನಲ್ಲಿ ಹತ್ತು ಪರ್ಸೆಂಟ್ ಬಂದರೆ ಹಿಗ್ಗುವ ಮನುಷ್ಯನಿಗೆ ಇದಕ್ಕಿಂತ ಇನ್ನೇನು ಬೇಕು?

ಮೈಲೇಜ್ ಸ್ವಲ್ಪ ಇಳಿಯುತ್ತದೆ ಎಂದು ಗೊತ್ತಿತ್ತು. ಆ "ಸ್ವಲ್ಪ" ಎಷ್ಟು ಎಂದು ಕೂತು ಲೆಕ್ಕ ಹಾಕಲಿಲ್ಲ, ಅಷ್ಟೇ.

ಶುದ್ಧ ಎಥನಾಲ್‌ನಲ್ಲಿ ಗ್ಯಾಲನ್‌ಗೆ ಇರುವ ಶಕ್ತಿ ಗ್ಯಾಸ್‌ನ ಸುಮಾರು ಮೂರರಲ್ಲಿ ಎರಡು ಭಾಗ. ಇ85 ಎಂದು ಬರೆದಿದ್ದರೂ ಅದರಲ್ಲಿ 85 ಭಾಗ ಎಥನಾಲ್ ಇರಬೇಕೆಂದಿಲ್ಲ. 51ರಿಂದ 83ರವರೆಗೆ ಎಷ್ಟಿದ್ದರೂ ನಿಯಮದ ಪ್ರಕಾರ ಅದು ಇ85ಯೇ. ಚಳಿಗಾಲದಲ್ಲಿ ಎಂಜಿನ್ ಸ್ಟಾರ್ಟ್ ಆಗಲೆಂದು ಎಥನಾಲ್ ಕಡಿಮೆ ಮಾಡಿ ಗ್ಯಾಸ್ ಹೆಚ್ಚು ಬೆರೆಸುತ್ತಾರೆ. ಕಾರ್ಖಾನೆಯಿಂದಲೇ ಫ್ಲೆಕ್ಸ್ ಫ್ಯುಯೆಲ್ ಆಗಿ ಬಂದ ಗಾಡಿಗಳ ಮೈಲೇಜ್ ಇ85ರಲ್ಲಿ 15ರಿಂದ 27 ಪರ್ಸೆಂಟ್ ಇಳಿಯುತ್ತದೆ ಎಂದು ಸರ್ಕಾರದ ಫ್ಯುಯೆಲ್ ಇಕಾನಮಿ ಸೈಟಿನಲ್ಲೇ ಇದೆ. ನನ್ನ ಟ್ರಕ್ಕಿನಲ್ಲಿ ಮೂರು ವರ್ಷದ ಸರಾಸರಿ 16ರಿಂದ 12.5ಕ್ಕೆ ಇಳಿಯಿತು. ಸುಮಾರು 22 ಪರ್ಸೆಂಟ್.

ಈಗ ಅದೇ ಲೆಕ್ಕವನ್ನು ಮತ್ತೆ ಹಾಕೋಣ. 12,000 ಮೈಲಿಗೆ ಇ85 ಬೇಕಾಗುವುದು 750 ಗ್ಯಾಲನ್ ಅಲ್ಲ, 960. ಆ ದಿನದ ಬೆಲೆಯಲ್ಲಿ ಗ್ಯಾಸ್‌ಗೆ ವರ್ಷಕ್ಕೆ 3,518 ಡಾಲರ್, ಇ85ಗೆ 3,254. ಉಳಿಯುವುದು 264. ನಾನು ಕಂಡ ಕನಸು 975. ಗ್ಯಾಸ್ ದಾಖಲೆ ಬೆಲೆಗೆ ಏರಿದ್ದ, ವ್ಯತ್ಯಾಸ ಅಷ್ಟು ದೊಡ್ಡದಾಗಿ ಕಾಣುತ್ತಿದ್ದ ಆ ಬೇಸಿಗೆಯಲ್ಲೂ ಇಷ್ಟೇ.

ಗೆಳೆಯರು ಹೇಳಿದ ಎಪ್ಪತ್ತು ಸೆಂಟಿನ ಕಥೆ ಇನ್ನೂ ಚೆನ್ನಾಗಿದೆ. ಗ್ಯಾಸ್ 3.20, ಇ85 2.50 ಎಂದುಕೊಳ್ಳಿ. ನನ್ನ ಟ್ರಕ್ಕಿಗೆ ಗ್ಯಾಸ್ ಖರ್ಚು 750 ಗುಣಿಸು 3.20, ಅಂದರೆ 2,400 ಡಾಲರ್. ಇ85 ಖರ್ಚು 960 ಗುಣಿಸು 2.50. ಅದೂ 2,400 ಡಾಲರ್. ಒಂದು ಸೆಂಟೂ ಉಳಿಯುವುದಿಲ್ಲ. ಬೋರ್ಡಿನ ಮೇಲಿನ ಎಪ್ಪತ್ತು ಸೆಂಟ್ ಡಿಸ್ಕೌಂಟೇ ಅಲ್ಲ, ಆ ದ್ರವದಲ್ಲಿ ಇಲ್ಲದ ಶಕ್ತಿಯ ಬೆಲೆ. ಹಾಲಿಗೆ ನೀರು ಬೆರೆಸಿ ಲೀಟರಿಗೆ ನಾಲ್ಕು ರೂಪಾಯಿ ಕಡಿಮೆ ಮಾಡಿದರೆ ಅದನ್ನು ರಿಯಾಯಿತಿ ಎನ್ನುತ್ತೇವೆಯೆ?

ಆದ್ದರಿಂದ ಸೆಂಟುಗಳ ವ್ಯತ್ಯಾಸವನ್ನು ನೋಡುವುದೇ ತಪ್ಪು. ನೋಡಬೇಕಾದ್ದು ಅನುಪಾತವನ್ನು. ಇ85ರ ಬೆಲೆಯನ್ನು ಗ್ಯಾಸ್ ಬೆಲೆಯಿಂದ ಭಾಗಿಸಿ. ನನ್ನ ಟ್ರಕ್ಕಿಗೆ ಸಮಬಿಂದು 0.78. ಪಂಪಿನ ಮುಂದೆ ನಿಂತು ಫೋನ್ ತೆಗೆಯುವ ಕಷ್ಟ ಯಾಕೆ ಎಂದು ನಾನು ಮುಕ್ಕಾಲು ಎಂದೇ ಇಟ್ಟುಕೊಂಡಿದ್ದೇನೆ: ಇ85 ಬೆಲೆ ಗ್ಯಾಸ್ ಬೆಲೆಯ ಮುಕ್ಕಾಲಿಗಿಂತ ಕಡಿಮೆ ಇದ್ದರೆ ಇ85, ಇಲ್ಲದಿದ್ದರೆ ಗ್ಯಾಸ್. ಬ್ರೆಜಿಲ್‌ನ ಜನಕ್ಕೆ ಇದು ನೀರು ಕುಡಿದಷ್ಟು ಸಲೀಸು. 1975ರಲ್ಲಿ ಅಲ್ಲಿನ ಸರ್ಕಾರ ಕಬ್ಬಿನ ಎಥನಾಲ್ ಯೋಜನೆ ಶುರುಮಾಡಿತು, 2003ರಲ್ಲಿ ಫ್ಲೆಕ್ಸ್ ಕಾರುಗಳು ಬಂದವು. ಅಲ್ಲಿನ ಚಾಲಕರು ಎಪ್ಪತ್ತು ಪರ್ಸೆಂಟ್ ನಿಯಮವನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಅವರ ಪಂಪಿನಲ್ಲಿ ಸಿಗುವುದು ಬಹುತೇಕ ಪೂರ್ತಿ ಎಥನಾಲ್, ಆದ್ದರಿಂದ ಅವರ ಗೆರೆ ನಮ್ಮದಕ್ಕಿಂತ ಕೆಳಗಿದೆ.

ಈಗ ಹಣಕಾಸಿನ ಕಣ್ಣಿನಿಂದ ನೋಡಿ. ಕಿಟ್ ಹಾಕಿಸಿದ ಟ್ರಕ್ಕಿನ ಒಡೆಯ ಪ್ರತಿ ಸಲ ಟ್ಯಾಂಕ್ ತುಂಬಿಸುವಾಗಲೂ ಎರಡರಲ್ಲಿ ಅಗ್ಗವಾದದ್ದನ್ನು ಆರಿಸಿಕೊಳ್ಳಬಹುದು. ಅನುಪಾತ 0.78ಕ್ಕಿಂತ ಮೇಲಿದ್ದರೆ ಅವನು ಸುಮ್ಮನೆ ಗ್ಯಾಸ್ ಹಾಕಿಸುತ್ತಾನೆ, ನಷ್ಟವಿಲ್ಲ. ಕೆಳಗೆ ಬಂದರೆ ಲಾಭ. ಇದು ಶುದ್ಧ ಆಪ್ಷನ್, ಸ್ಟ್ರೈಕ್ 0.78. ಹಾಗಾದರೆ ಈ ಆಪ್ಷನ್ "ಇನ್ ದ ಮನಿ" ಆಗುವುದು ಎಷ್ಟು ದಿನ, ಎಷ್ಟು ಆಳಕ್ಕೆ? ಪ್ರಶ್ನೆ ಅದೊಂದೇ.

ಇದನ್ನು ತೀರ್ಮಾನಿಸುವುದು ಮೂರು ಮಾರುಕಟ್ಟೆಗಳು. ಒಂದು ಕಚ್ಚಾ ತೈಲ, ಎರಡನೆಯದು ಮೆಕ್ಕೆಜೋಳ. ಇವೆರಡು ಎಲ್ಲರಿಗೂ ಗೊತ್ತು. ಮೂರನೆಯದು ಬಹಳ ಜನ ಕೇಳಿಯೇ ಇರುವುದಿಲ್ಲ, ಅದರ ಹೆಸರು ರಿನ್. 2005ರ ಕಾನೂನು, ಆಮೇಲೆ 2007ರ ಕಾನೂನು, ಇಂಧನದಲ್ಲಿ ಇಷ್ಟು ಎಥನಾಲ್ ಬೆರೆಸಲೇಬೇಕು ಎಂದು ತೈಲ ಶುದ್ಧೀಕರಣ ಕಂಪನಿಗಳ ಮೇಲೆ ಹೊಣೆ ಹೊರಿಸಿದವು. ತಯಾರಾದ ಪ್ರತಿ ಗ್ಯಾಲನ್ ಎಥನಾಲ್‌ಗೂ ಒಂದು ಸಂಖ್ಯೆ ಕೊಡುತ್ತಾರೆ, ಅದೇ ರಿನ್. ಎಥನಾಲನ್ನು ಗ್ಯಾಸ್ ಜೊತೆ ಬೆರೆಸಿದಾಗ ಅದು ಕಳಚಿಕೊಂಡು ಮಾರಾಟಕ್ಕೆ ಸಿಗುತ್ತದೆ. ಸಾಕಷ್ಟು ಬೆರೆಸದ ಕಂಪನಿ ಅದನ್ನು ಬೇರೆಯವರಿಂದ ಕೊಂಡು ಇಪಿಎಗೆ ಒಪ್ಪಿಸಬೇಕು. ಒಂದು ಗ್ಯಾಲನ್ ಸಾಧಾರಣ ಗ್ಯಾಸ್‌ನಲ್ಲಿ ಹತ್ತು ಭಾಗ ಎಥನಾಲ್ ಇದ್ದರೆ ಇ85ರಲ್ಲಿ ಅದರ ಐದರಿಂದ ಎಂಟು ಪಟ್ಟು, ಹಾಗಾಗಿ ಅದರೊಳಗೆ ಅಡಗಿರುವ ರಿನ್ ಕೂಡ ಅಷ್ಟು ಪಟ್ಟು. ರಿನ್ ಬೆಲೆ ಏರಿದಾಗ ಇ85 ಮಾರುವವನು ಆ ದುಡ್ಡಿನಲ್ಲಿ ಒಂದಷ್ಟನ್ನು ಬೋರ್ಡಿನ ಬೆಲೆ ಇಳಿಸಲು ಬಳಸಬಹುದು. ಪಕ್ಕದಲ್ಲೇ ಇನ್ನೊಂದು ಪಂಪ್ ಇದ್ದರೆ ಇಳಿಸುತ್ತಾನೆ. ಇಪ್ಪತ್ತು ಮೈಲಿಗೆ ತಾನೊಬ್ಬನೇ ಇದ್ದರೆ ಜೇಬಿಗಿಳಿಸುತ್ತಾನೆ.

ಈ ರಿನ್ ಬೆಲೆ 2019ರಲ್ಲಿ ಇಪ್ಪತ್ತು ಸೆಂಟಿಗಿಂತಲೂ ಕೆಳಗಿಳಿದಿತ್ತು. ಸಣ್ಣ ರಿಫೈನರಿಗಳಿಗೆ ಸರ್ಕಾರ ಧಾರಾಳವಾಗಿ ವಿನಾಯಿತಿ ಹಂಚಿದ್ದು ಅದಕ್ಕೆ ದೊಡ್ಡ ಕಾರಣ. ಎರಡೇ ವರ್ಷದಲ್ಲಿ, 2021ರಲ್ಲಿ, ಅದೇ ರಿನ್ ಒಂದೂವರೆ ಡಾಲರ್ ದಾಟಿತು. ಮೆಕ್ಕೆಜೋಳ ಅದೇ, ಎಥನಾಲ್ ಅದೇ, ಪಂಪ್ ಅದೇ. ಬದಲಾಗಿದ್ದು ವಾಷಿಂಗ್ಟನ್. ಹಾಗಾಗಿ ಕಿಟ್ ಹಾಕಿಸಿ ಐದು ವರ್ಷದ ಉಳಿತಾಯದ ಲೆಕ್ಕ ಹಾಕುವವರು ತಿಳಿದೋ ತಿಳಿಯದೆಯೋ ಐದು ವರ್ಷದ ರಾಜಕೀಯದ ಮೇಲೆ ಬಾಜಿ ಕಟ್ಟುತ್ತಿದ್ದಾರೆ. ಹಿಂದೆ ಎಥನಾಲ್ ಬೆರೆಸುವವರಿಗೆ ಗ್ಯಾಲನ್‌ಗೆ 45 ಸೆಂಟ್ ತೆರಿಗೆ ರಿಯಾಯಿತಿ ಇತ್ತು. 2011ರ ಕೊನೆಗೆ ಅದೂ ಹೋಯಿತು.

ನಾನು ಕೊಂಡದ್ದು ಯಾವಾಗ? ಎಲ್ಲರೂ ಗ್ಯಾಸ್ ಬೆಲೆ ನೋಡಿ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾಗ. ಅಂದರೆ ಆಪ್ಷನ್ನಿನ ಪ್ರೀಮಿಯಂ ಅತಿ ಹೆಚ್ಚಾಗಿದ್ದಾಗ. ಕಿಟ್‌ಗೂ ಆ ಬೇಸಿಗೆಯಲ್ಲಿ ನೂಕುನುಗ್ಗಲು, ಐದು ವಾರ ಕಾಯಿಸಿದರು. ಕೈಗೆ ಬರುವಷ್ಟರಲ್ಲಿ ಗ್ಯಾಸ್ ಇಳಿಯಲು ಶುರುವಾಗಿತ್ತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಇದೇ ಮನುಷ್ಯ 2020ರ ಮಾರ್ಚ್‌ನಲ್ಲಿ "ಗಾಬರಿಯಲ್ಲಿ ಕೊಳ್ಳಬೇಡಿ, ಮಾರಬೇಡಿ" ಎಂದು ನಿಮಗೆಲ್ಲ ಬರೆದಿದ್ದ.

ಈಗ ಮೂರು ವರ್ಷದ ನಿಜವಾದ ಲೆಕ್ಕ. ಪ್ರತಿ ಸಲ ತುಂಬಿಸಿದ್ದನ್ನೂ ಸ್ಪ್ರೆಡ್‌ಶೀಟಿನಲ್ಲಿ ಬರೆದಿದ್ದೇನೆ. ಹೆಂಡತಿ ನಕ್ಕಿದ್ದಾಳೆ, ಆದರೂ ಬರೆದಿದ್ದೇನೆ. ಹತ್ತು ಸಲ ತುಂಬಿಸಿದರೆ ನಾಲ್ಕು ಸಲ ಮಾತ್ರ ಅನುಪಾತ ಮುಕ್ಕಾಲಿಗಿಂತ ಕೆಳಗಿತ್ತು. ಮೊದಲ ವರ್ಷ ಉಳಿದದ್ದು 168 ಡಾಲರ್, ಎರಡನೇ ವರ್ಷ 89, ಮೂರನೇ ವರ್ಷ 54. ಒಟ್ಟು 311. ಹಾಕಿದ ಬಂಡವಾಳ 690. ಇಲ್ಲಿಗೇ ಅರ್ಧಕ್ಕಿಂತ ಹೆಚ್ಚು ನಷ್ಟ. ಆ 690ನ್ನು ಸುಮ್ಮನೆ ಎಸ್ ಅಂಡ್ ಪಿ 500 ಫಂಡಿನಲ್ಲಿ ಹಾಕಿದ್ದರೆ ಏನಾಗುತ್ತಿತ್ತು ಎಂದು ನನ್ನನ್ನು ಕೇಳಬೇಡಿ.

ಲೆಕ್ಕದಲ್ಲಿ ಬಾರದ ಖರ್ಚುಗಳೂ ಇವೆ. 26 ಗ್ಯಾಲನ್ ಟ್ಯಾಂಕಿಗೆ ಗ್ಯಾಸ್‌ನಲ್ಲಿ 416 ಮೈಲಿ ಹೋಗುತ್ತಿದ್ದೆ, ಇ85ರಲ್ಲಿ 325. ಹೆಚ್ಚು ಸಲ ಪಂಪಿಗೆ ಹೋಗಬೇಕು, ಅದೂ ಇ85 ಇರುವ ಪಂಪಿಗೇ. ಜನವರಿಯ ಚಳಿಯಲ್ಲಿ ಇಂಜಿನ್ ಎರಡು ಮೂರು ಸಲ ಕೆಮ್ಮಿದ ಮೇಲೆಯೇ ಎಚ್ಚರವಾಗುತ್ತಿತ್ತು. ಎಥನಾಲ್ ತಣ್ಣಗಿದ್ದಾಗ ಆವಿಯಾಗುವುದು ಕಷ್ಟ, ಅದಕ್ಕೆ.

ಆಮೇಲೆ ಚೆಕ್ ಎಂಜಿನ್ ದೀಪ. ಇದು ಯಾಕೆ ಹತ್ತುತ್ತದೆ ಎಂದು ತಿಳಿದುಕೊಂಡರೆ ಕಿಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದೂ ತಿಳಿಯುತ್ತದೆ. ಒಂದು ಪೌಂಡ್ ಗ್ಯಾಸ್ ಸರಿಯಾಗಿ ಉರಿಯಲು 14.7 ಪೌಂಡ್ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ತಿರುಗಿಸಿ ಹೇಳಿದರೆ, ಅಷ್ಟೇ ಗಾಳಿಗೆ ಎಥನಾಲ್ ಬಹಳ ಹೆಚ್ಚು ಸುರಿಯಬೇಕು. ಟ್ರಕ್ಕಿನ ಕಂಪ್ಯೂಟರಿಗೆ ಇದು ಗೊತ್ತಿಲ್ಲ. ಆಕ್ಸಿಜನ್ ಸೆನ್ಸರ್ ನೋಡಿ ಅದು ಒಂದಷ್ಟು ತಿದ್ದಿಕೊಳ್ಳುತ್ತದೆ, ಸುಮಾರು ಕಾಲುಭಾಗದವರೆಗೆ. ಅದಕ್ಕಿಂತ ಹೆಚ್ಚಾದರೆ "ಇಂಧನ ಸಾಲುತ್ತಿಲ್ಲ" ಎಂದು ಪಿ0171 ಕೋಡ್ ಹಾಕಿ ದೀಪ ಹೊತ್ತಿಸುತ್ತದೆ. ಕಿಟ್ ಎನ್ನುವುದು ಕಂಪ್ಯೂಟರಿಗೂ ಇಂಜೆಕ್ಟರಿಗೂ ನಡುವೆ ಕೂರುವ ಒಂದು ಡಬ್ಬಿ. "ಇಷ್ಟು ಹೊತ್ತು ತೆರೆ" ಎಂದು ಕಂಪ್ಯೂಟರ್ ಹೇಳಿದರೆ, ಅದು ಇಂಜೆಕ್ಟರಿಗೆ "ಇನ್ನೂ ಸ್ವಲ್ಪ ಹೊತ್ತು ತೆರೆದಿರು" ಎಂದು ಪಿಸುಗುಟ್ಟುತ್ತದೆ. ಒಳ್ಳೆಯ ಕಿಟ್‌ನಲ್ಲಿ ಎಥನಾಲ್ ಎಷ್ಟಿದೆ ಎಂದು ಅಳೆಯುವ ಸೆನ್ಸರ್ ಇರುತ್ತದೆ. ಅಗ್ಗದ್ದರಲ್ಲಿ ಅದು ಇರುವುದಿಲ್ಲ, ಅಂದಾಜಿನ ಮೇಲೆ ನಡೆಯುತ್ತದೆ. ಪಂಪಿನಲ್ಲಿ ಬರುವುದು 51 ಭಾಗವೋ 83 ಭಾಗವೋ ಎಂದು ತಿಳಿಯದ ಡಬ್ಬಿಯ ಅಂದಾಜನ್ನು ನಂಬಿ ಆರು ಸಾವಿರ ಡಾಲರಿನ ಎಂಜಿನ್ ಓಡಿಸಬಾರದು. ಭಾರ ಎಳೆಯುವಾಗ ಇಂಧನ ಸಾಲದೇ ಹೋದರೆ ದೀಪ ಮಾತ್ರವಲ್ಲ, ಪಿಸ್ಟನ್ನೇ ಹೋದೀತು.

ಡಬ್ಬಿ ಬದಲಿಸಲಾಗದ್ದೂ ಇದೆ. ಕಾರ್ಖಾನೆಯ ಫ್ಲೆಕ್ಸ್ ಟ್ರಕ್ಕಿನಲ್ಲಿ ಇಂಧನದ ಪೈಪು, ಪಂಪು, ಸೀಲುಗಳು, ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್ ಸೀಟುಗಳೂ ಎಥನಾಲ್ ತಾಳುವಂತೆ ಮಾಡಿದವು. ಕಿಟ್ ಅವನ್ನೆಲ್ಲ ಬದಲಿಸುವುದಿಲ್ಲ. ಮೂರನೇ ವರ್ಷ ನನ್ನ ಟ್ರಕ್ಕಿನ ಫ್ಯುಯೆಲ್ ಪಂಪ್ ಹೋಯಿತು. 640 ಡಾಲರ್. ಎಥನಾಲ್‌ನಿಂದಲೇ ಹೋಯಿತು ಎಂದು ನಾನು ಪ್ರಮಾಣ ಮಾಡಲಾರೆ. ಹತ್ತು ವರ್ಷದ ಟ್ರಕ್ಕಿನ ಪಂಪ್ ಹಾಗೇ ಸುಮ್ಮನೆಯೂ ಹೋಗುತ್ತದೆ. ಮೆಕ್ಯಾನಿಕ್ ಡಬ್ಬಿಯನ್ನು ನೋಡಿ, ನನ್ನನ್ನು ನೋಡಿ, ಏನೂ ಹೇಳಲಿಲ್ಲ. ಆದರೆ ಆ ಅನುಮಾನಕ್ಕೂ ಒಂದು ಬೆಲೆ ಇದೆ. ವಾರಂಟಿ ಇದ್ದಿದ್ದರೆ ಕಂಪನಿಯ ಜೊತೆ ವಾದಕ್ಕೆ ಕೂರಬೇಕಿತ್ತು. 1975ರ ವಾರಂಟಿ ಕಾನೂನಿನ ಪ್ರಕಾರ ಹೊರಗಿನ ಭಾಗ ಹಾಕಿದ ಮಾತ್ರಕ್ಕೆ ಇಡೀ ವಾರಂಟಿ ರದ್ದಾಗುವುದಿಲ್ಲ, ಆ ಭಾಗದಿಂದಲೇ ಕೆಟ್ಟಿತು ಎಂದು ಅವರು ತೋರಿಸಬೇಕು. ಇಂಧನದ ಕಿಟ್ ಹಾಕಿ ಇಂಧನದ ಪಂಪ್ ಕೆಟ್ಟರೆ ಅವರಿಗೆ ತೋರಿಸುವುದು ಕಷ್ಟವೇನಲ್ಲ.

ಇನ್ನು ಕಾನೂನು. ಇದನ್ನು ಕಿಟ್ ಮಾರುವವರು ಸಣ್ಣಕ್ಷರದಲ್ಲಿ ಬರೆಯುತ್ತಾರೆ, ಇಲ್ಲವೇ ಬರೆಯುವುದೇ ಇಲ್ಲ. ಗಾಡಿಯ ಹೊಗೆ ನಿಯಂತ್ರಣ ವ್ಯವಸ್ಥೆಯ ಜೊತೆ ಆಟವಾಡುವುದನ್ನು ಕ್ಲೀನ್ ಏರ್ ಆ್ಯಕ್ಟ್ ನಿಷೇಧಿಸುತ್ತದೆ. ಬೇರೆ ಇಂಧನಕ್ಕೆ ಪರಿವರ್ತಿಸುವುದೂ ಆ ನಿಷೇಧದೊಳಗೆ ಬರಬಹುದು, ಹೊಗೆ ಹೆಚ್ಚಾಗುವುದಿಲ್ಲ ಎಂದು ಕಿಟ್ ತಯಾರಕರು ಇಪಿಎಗೆ ತೋರಿಸಿಕೊಟ್ಟಿದ್ದರೆ ಮಾತ್ರ ವಿನಾಯಿತಿ. 2011ರಲ್ಲಿ ಈ ನಿಯಮವನ್ನು ಸಡಿಲಿಸಿ, ಗಾಡಿಯ ವಯಸ್ಸಿನ ಪ್ರಕಾರ ಮೂರು ದರ್ಜೆ ಮಾಡಿದರು. ಹೊಸ ಗಾಡಿಗೆ ಕಟ್ಟುನಿಟ್ಟು, ಹಳೆಯದಕ್ಕೆ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಒಪ್ಪಿಗೆಯೂ ಬೇಕು. ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿ: ನನ್ನ ಟ್ರಕ್ಕಿನ ಇದೇ ವರ್ಷ, ಇದೇ ಎಂಜಿನ್ನಿಗೆ ಇಪಿಎ ದಾಖಲೆ ಇದೆಯೇ? "ಎಲ್ಲ ವಿ8ಗಳಿಗೂ ಆಗುತ್ತದೆ ಸಾರ್" ಎಂಬುದು ಉತ್ತರವಲ್ಲ. ನಾನು 2022ರಲ್ಲಿ ಕೇಳಿರಲಿಲ್ಲ. ಟ್ರೇಡ್ ಇನ್ ಮಾಡುವ ಮುಂಚೆ ಒಂದು ಶನಿವಾರ ಪೂರ್ತಿ ಕೂತು ಡಬ್ಬಿಯನ್ನು ಬಿಚ್ಚಿದೆ. ವೀಸಾ, ಗ್ರೀನ್ ಕಾರ್ಡ್ ಕಾಗದದಲ್ಲಿ ಒಂದು ಅಕ್ಷರ ತಪ್ಪಿದರೆ ನಿದ್ದೆಗೆಡುವ ನಾವು ಇಂಥದ್ದರಲ್ಲಿ ಇಷ್ಟು ಉದಾಸೀನ ಯಾಕೆ ಮಾಡುತ್ತೇವೋ ತಿಳಿಯದು.

ಹಾಗಾದರೆ ಯಾರಿಗೂ ಗಿಟ್ಟುವುದಿಲ್ಲವೇ? ಗಿಟ್ಟುತ್ತದೆ. ವರ್ಷಕ್ಕೆ 25,000 ಮೈಲಿ ಓಡಿಸುವವರು, ದಿನದ ದಾರಿಯಲ್ಲೇ ಇ85 ಪಂಪ್ ಇರುವವರು, ಅಲ್ಲಿ ಅನುಪಾತ ಸದಾ 0.68ರ ಆಸುಪಾಸಿನಲ್ಲಿ ಇರುವವರು: ಗ್ಯಾಸ್ 3.20 ಎಂದರೆ ಅವರಿಗೆ ವರ್ಷಕ್ಕೆ 650 ಡಾಲರ್‌ನಷ್ಟು ಉಳಿಯುತ್ತದೆ. ಅಂಥವರು ಇದ್ದಾರೆ, ನಮ್ಮ ಪಕ್ಕದ ಕೌಂಟಿಯ ರೈತರಲ್ಲಿ. ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಮಾಡುವ ನಮ್ಮಲ್ಲಿ ಅಲ್ಲ. ಟರ್ಬೋ ಎಂಜಿನ್ನಿಗೆ ಟ್ಯೂನ್ ಹಾಕಿಸಿ ಹೆಚ್ಚು ಹಾರ್ಸ್‌ಪವರ್ ತೆಗೆಯುವ ಹುಡುಗರಿಗೂ ಇ85 ಅಮೃತವೇ, ಅದರ ಆಕ್ಟೇನ್ ನೂರರ ಮೇಲಿದೆ. ಅದು ಹವ್ಯಾಸದ ಖರ್ಚು, ಗಿಟಾರ್ ಕೊಂಡ ಹಾಗೆ. ಅದನ್ನು ಉಳಿತಾಯದ ಖಾನೆಯಲ್ಲಿ ಬರೆಯಬೇಡಿ.

ಫ್ರಾನ್ಸ್‌ನಲ್ಲಿರುವ ಓದುಗರಿಗೆ ನನ್ನ ಮಾತು ಅನ್ವಯಿಸುವುದಿಲ್ಲ. ಅಲ್ಲಿ 2017ರ ಕೊನೆಯಲ್ಲಿ ಕಿಟ್‌ಗಳಿಗೆ ಅಧಿಕೃತ ಮಾನ್ಯತೆಯ ನಿಯಮ ಬಂತು, ಅಂಗೀಕೃತ ಮೆಕ್ಯಾನಿಕ್ ಹಾಕಿ ಕಾರಿನ ಕಾಗದದಲ್ಲೂ ಬರೆಸುತ್ತಾರೆ. ತೆರಿಗೆ ಕಡಿಮೆ ಇರುವುದರಿಂದ ಇ85 ಬೆಲೆ ಪೆಟ್ರೋಲಿನ ಅರ್ಧದ ಸುತ್ತಮುತ್ತ ಇರುತ್ತದೆ. ಅರ್ಧ ಎಂದರೆ ಮುಕ್ಕಾಲಿಗಿಂತ ಎಷ್ಟೋ ಕೆಳಗೆ. ಕಿಟ್‌ನ ತಂತ್ರ ಹೆಚ್ಚುಕಮ್ಮಿ ಅದೇ, ಎಥನಾಲ್ ಅದೇ ಎಥನಾಲ್. ತೆರಿಗೆ ಒಂದು ಬೇರೆಯಾದರೆ ಇಡೀ ತೀರ್ಮಾನ ತಲೆಕೆಳಗಾಗುತ್ತದೆ.

ಮಂಡ್ಯದಲ್ಲಿರುವ ನನ್ನ ಭಾವ ಫೋನಿನಲ್ಲಿ ಬೇರೆಯೇ ತಕರಾರು ತೆಗೆಯುತ್ತಾರೆ. "ನಿನಗೆ ಎರಡು ಪಂಪ್ ಇದೆ, ಆರಿಸ್ಕೋತೀಯ. ನಮಗೆ ಇ20 ಒಂದೇ, ಅದೂ ಅದೇ ರೇಟು." ಸುತ್ತ ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ ಇರುವ ಊರಿನ ಮನುಷ್ಯ ಅವರು, ಎಥನಾಲ್ ವಿರೋಧಿಯಲ್ಲ. 2021ರ ನೀತಿ ಆಯೋಗದ ವರದಿಯೇ ಹೇಳಿತ್ತು, ಇ10ಗೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಇ20ರಿಂದ 6ರಿಂದ 7 ಪರ್ಸೆಂಟ್ ಮೈಲೇಜ್ ಇಳಿಯಬಹುದು ಎಂದು. ನಷ್ಟ ಸಣ್ಣದೇ, ಆದರೆ ಅವರ ಪ್ರಶ್ನೆ ಸರಿಯಾದದ್ದು. ಶಕ್ತಿ ಕಡಿಮೆ ಇರುವ ಇಂಧನವನ್ನು ಅದೇ ಬೆಲೆಗೆ ಕೊಟ್ಟರೆ ವ್ಯತ್ಯಾಸ ಕೊಡುವವರು ಯಾರು? ಭಾವನಿಗೆ ಆಪ್ಷನ್ ಇಲ್ಲ, ನನಗಿದೆ. ಆಪ್ಷನ್ನಿಗೆ ಬೆಲೆ ಇದೆ ಎಂಬುದನ್ನು ಅವರಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಆ ಬೆಲೆ ತೆರದೆಯೇ ಆಪ್ಷನ್ ಸಿಗುವ ದಾರಿಯೂ ಒಂದಿದೆ, ಅದನ್ನು ಹೇಳಲೇಬೇಕು. 1988ರ ಒಂದು ಕಾನೂನು ಫ್ಲೆಕ್ಸ್ ಫ್ಯುಯೆಲ್ ಗಾಡಿ ಮಾಡಿದ ಕಂಪನಿಗಳಿಗೆ ಮೈಲೇಜ್ ಲೆಕ್ಕದಲ್ಲಿ ಭಾರಿ ರಿಯಾಯಿತಿ ಕೊಟ್ಟಿತು. ಸೂತ್ರ ಎಂಥದ್ದೆಂದರೆ, ಗ್ಯಾಸ್‌ನಲ್ಲಿ 25, ಎಥನಾಲ್‌ನಲ್ಲಿ 15 ಮೈಲಿ ಕೊಡುವ ಗಾಡಿ ಕಾಗದದ ಮೇಲೆ 40 ಮೈಲಿಯ ಗಾಡಿಯಾಗುತ್ತಿತ್ತು. ಅದರ ಒಡೆಯ ಜನ್ಮದಲ್ಲಿ ಇ85 ಮುಟ್ಟದಿದ್ದರೂ ಸರಿ! ಡೆಟ್ರಾಯಿಟ್ ಬಿಡುತ್ತದೆಯೇ? ದೊಡ್ಡ ಪಿಕಪ್, ಎಸ್‌ಯುವಿಗಳನ್ನೆಲ್ಲ ಹೆಚ್ಚಿನ ಬೆಲೆ ಇಡದೆ ಫ್ಲೆಕ್ಸ್ ಮಾಡಿ ಮಾರಿದರು. ಆ ರಿಯಾಯಿತಿ ಹಂತಹಂತವಾಗಿ ಇಳಿದು 2019ರ ನಂತರ ನಿಂತಿತು, ಮಾಡೆಲ್‌ಗಳೂ ಕರಗಿದವು. ಆದರೆ ಮಾಡಿದ ಗಾಡಿಗಳು ಎಲ್ಲಿಗೆ ಹೋಗುತ್ತವೆ? ಈ ದೇಶದ ರಸ್ತೆಯ ಮೇಲೆ ಅಂಥವು ಸುಮಾರು 2 ಕೋಟಿ ಇವೆ. ಬಹಳ ಒಡೆಯರಿಗೆ ತಮ್ಮ ಗಾಡಿ ಫ್ಲೆಕ್ಸ್ ಎಂದೇ ಗೊತ್ತಿಲ್ಲ. ಟ್ಯಾಂಕಿನ ಮುಚ್ಚಳ ಅಥವಾ ಅದರ ಸುತ್ತಿನ ಬಳೆ ಹಳದಿಯೇ ನೋಡಿ. ಮುಚ್ಚಳ ಯಾರಾದರೂ ಬದಲಿಸಿರಬಹುದು, ಆದ್ದರಿಂದ ವಿನ್ ನಂಬರನ್ನೂ ನೋಡಿ, ಅದರ ಎಂಟನೇ ಅಕ್ಷರ ಎಂಜಿನ್ ಯಾವುದೆಂದು ಹೇಳುತ್ತದೆ. ಹಳೆಯ ಟ್ರಕ್ ಕೊಳ್ಳುವಾಗ ಹಳದಿ ಮುಚ್ಚಳದ್ದಕ್ಕೂ ಕಪ್ಪು ಮುಚ್ಚಳದ್ದಕ್ಕೂ ನಾನು ನೋಡಿದ ಮಟ್ಟಿಗೆ ಬೆಲೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ನಾನು 690 ಕೊಟ್ಟು ಅರೆಬರೆ ಕೊಂಡ ಆಪ್ಷನ್ ಅಲ್ಲಿ ಪೂರ್ತಿಯಾಗಿ, ವಾಲ್ವ್ ಸೀಟ್ ಸಮೇತ, ಪುಕ್ಕಟೆ.

ಹೋದ ಜೂನ್‌ನಲ್ಲಿ ನಾನು ಬದಲಿಸಿಕೊಂಡ ಟ್ರಕ್ಕಿಗೆ ಹಳದಿ ಮುಚ್ಚಳವಿದೆ.

ಮಂಟಪ ತುಂಬಿದ ಮೇಲೆ ಗೆಳೆಯರ ಟ್ರಕ್ಕಿನ ಇಂಧನದ ಬಾಗಿಲನ್ನೂ ತೆಗೆದು ನೋಡಿದೆವು. ಕಪ್ಪು. ವಿನ್ ನೋಡಿದರೂ ಅದೇ ಉತ್ತರ. ಅವರ ಓಡಾಟ ವರ್ಷಕ್ಕೆ ಹತ್ತು ಸಾವಿರ ಮೈಲಿ, ಟ್ರಕ್ಕನ್ನು ಇನ್ನೆರಡು ವರ್ಷ ಇಟ್ಟುಕೊಳ್ಳುತ್ತಾರಂತೆ. ಕಾರ್ಟ್‌ನಲ್ಲಿದ್ದ ಕಿಟ್ ತೆಗೆದುಹಾಕಿ ಎಂದೆ. ತೆಗೆದರೋ ಇಲ್ಲವೋ ಗೊತ್ತಿಲ್ಲ, ಮುಖ ನೋಡಿದರೆ ಪೂರ್ತಿ ಒಪ್ಪಿದ ಹಾಗಿರಲಿಲ್ಲ.

ಅಲ್ಲಿಂದ ಮನೆಗೆ ಬರುವಾಗ ಪಂಪಿನಲ್ಲಿ ನಿಲ್ಲಿಸಿದೆ. ಗ್ಯಾಸ್ 2.99, ಇ85 2.39. ಅರವತ್ತು ಸೆಂಟ್ ಕಡಿಮೆ, ಅನುಪಾತ 0.80. ಗ್ಯಾಸ್ ಹಾಕಿಸಿಕೊಂಡು ಬಂದೆ.